ಕೂಗಿದ ಮೇಲೆ, ಆಗುವ ಮೊದಲು

“ಕೈ?” ಎಂದು ಹಿಡಿಕೆಯ ಕಡೆಯಿಂದ ದನಿ ಬಂತು.

ಉತ್ತರ ಬರಲಿಲ್ಲ. ಬ್ಲೇಡು ಬಂತು.

ನಮ್ಮ ಮೇಲೆ ಕಬ್ಬಿಣದ ಪಟ್ಟಿ ಅದುಮಿ ಕೂತಿತ್ತು. ಇನ್ನೂರು ಹಾಳೆಗಳು ಒಂದರ ಮೇಲೊಂದು ಬಿಗಿದು, ಅಲುಗಲೂ ಆಗದೆ, ಅದು ಇಳಿಯುವುದನ್ನು ಕಾಯುತ್ತಿದ್ದೆವು. ನಮ್ಮನ್ನು ಮುಟ್ಟುವ ಮೊದಲು ಅದು ಬೇರೆ ಏನನ್ನೋ ಮುಟ್ಟಿತು. ಮೊದಲು ಮೆತ್ತಗಿನದು, ಆಮೇಲೆ ಗಟ್ಟಿಯಾದದ್ದು. ನಾವು ತುಂಡಾದದ್ದು ಅದರ ನಂತರ. ಯಾರೋ ಕಿರುಚಿದರು. ಬಿಸಿಯಾದ ಒಂದು ಹನಿ ಮೇಲಿನ ಹಾಳೆಗಳ ಅಂಚಿನಿಂದ ಜಾರುತ್ತ ಬಂದು ನನ್ನ ಮೂಲೆಗೆ ತಾಗಿ ಅಲ್ಲೇ ಆರಿತು. ನಾನು ಹುಟ್ಟಿದ್ದು ಹೀಗೆ.

ನಾನು ಒಂದು ಆಟದ ಕಾರ್ಡು. ಹುಟ್ಟಿದ ಗಳಿಗೆಯಲ್ಲಿ ಮಾತ್ರ ಆಟದ ಕಾರ್ಡಾಗಿರಲಿಲ್ಲ. ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿಗೆಂದು ತರಿಸಿದ ದಪ್ಪ ಕಾಗದವಾಗಿದ್ದೆ. ಮದುವೆಯ ಸುಗ್ಗಿ ನಡೆದಿತ್ತು. ಹೆಣ್ಣಿನ ಕಡೆಯವರು ಹೊರಗೆ ಬೆಂಚಿನ ಮೇಲೆ ಕೂತು ಬಸ್ಸಿನ ಹೊತ್ತಾಯಿತೆಂದು ಗಡಿಬಿಡಿ ಮಾಡುತ್ತಿದ್ದರು. ಕಟಿಂಗ್ ಮಷಿನ್ನಿನ ಹತ್ತಿರ ಇಬ್ಬರಿದ್ದರು. ಹಾಳೆ ಹೊಂದಿಸಿ ಒಳಗಿಡುವವನು ಮೈಲಾರಿ. ಹಿಡಿಕೆ ಎಳೆಯುವವನು ಫಕೀರೇಶ, ಮೈಲಾರಿಗಿಂತ ಮೂರು ವರ್ಷ ಸಣ್ಣವನು. ಎಳೆಯುವ ಮೊದಲು ಫಕೀರೇಶ “ಕೈ?” ಎಂದು ಕೂಗಬೇಕು. ಕೈ ತೆಗೆದ ಮೇಲೆ ಮೈಲಾರಿ “ಹೊರಗ” ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹಿಡಿಕೆ. ಅವರಿಬ್ಬರೂ ನಾಲ್ಕು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ ಅದು. ದಿನಕ್ಕೆ ಮುನ್ನೂರು ಸಲ ಕೈ, ಹೊರಗ, ಕೈ, ಹೊರಗ. ಅಷ್ಟು ಸಲ ಕೇಳಿದ ಮಾತು ಕೇಳದಿದ್ದರೂ ಕೇಳಿದ ಹಾಗೆ ಆಗುತ್ತದೆ.

ಮಾಲೀಕರು ಓಡಿ ಬಂದರು. ಮೈಲಾರಿ ನೆಲದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಅವನ ಬಲಗೈಯ ತೋರುಬೆರಳು ಮತ್ತು ನಡುಬೆರಳು ಅರ್ಧಕ್ಕೆ ಹೋಗಿದ್ದವು.

“ಏನ್ ಮಾಡಿದಿಲೇ?”

“ನಾ ಕೈ ಅಂದೇರಿ,” ಎಂದ ಫಕೀರೇಶ. “ಮೈಲಾರಣ್ಣ ಹೊರಗ ಅಂದಾನ್ರಿ. ಅಂವ ಅಂದ ಮ್ಯಾಲೇ ಎಳದೇನ್ರಿ.”

ನಾನು ಆ ಕಟ್ಟಿನಲ್ಲಿದ್ದೆ. ಆ ಮಾತನ್ನು ಯಾರೂ ಆಡಿರಲಿಲ್ಲ.

ಎಚ್ಚರವಾದ ಮೇಲೆ ಮೈಲಾರಿಯನ್ನು ಕೇಳಿದರಂತೆ. ಅವನು ಸೂರು ನೋಡುತ್ತ, “ಅಂದಿರಬೇಕ್ರಿ, ರೂಢಿಯೊಳಗ ಬಾಯಿಗೆ ಬಂದಿರಬೇಕು,” ಎಂದನಂತೆ. ಅಲ್ಲಿಗೆ ತೀರ್ಮಾನವಾಯಿತು. ಗದಗಿನ ಪ್ರೆಸ್ಸುಗಳ ಓಣಿಯಲ್ಲಿ ಅವನಿಗೆ ಹೊಸ ಹೆಸರು ಬಿತ್ತು: ಕೈ ಒಳಗಿಟ್ಟು ಹೊರಗ ಅಂದಾಂವ. ಕೈ ಗುಣವಾದರೂ ಯಾರೂ ಅವನನ್ನು ಮಷಿನ್ನಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹದಿನಾಲ್ಕು ವರ್ಷ ಒಂದು ಗೆರೆಯೂ ಓರೆಯಾಗದಂತೆ ಕಾಗದ ಹೊಂದಿಸಿದ ಮನುಷ್ಯ, ಎಚ್ಚರಗೇಡಿ ಎನಿಸಿಕೊಂಡು ಮನೆಯಲ್ಲಿ ಕೂತ.

ಹಾಳಾದ ಕಟ್ಟನ್ನು ಎಲ್ಲಾದರೂ ಎಸೆದು ಬಾ ಎಂದು ಮಾಲೀಕರು ಫಕೀರೇಶನಿಗೆ ಹೇಳಿದರು. ಅವನು ಎಸೆಯಲಿಲ್ಲ. ಚೀಲದಲ್ಲಿ ತುಂಬಿ ತನ್ನ ಖೋಲಿಗೆ ತಂದು, ನೆಲದ ಮೇಲೆ ಹರವಿ, ಕಲೆಯಿದ್ದದ್ದನ್ನು ಬೇರೆ ಮಾಡುತ್ತ ಕೂತ. ಕಲೆಯಿದ್ದವನ್ನು ಸುಟ್ಟ. ನನ್ನ ಮೂಲೆಯ ಕಲೆ ಕುಂಕುಮದ ಬೊಟ್ಟಿನಷ್ಟೇ ಇತ್ತು. ಮದುವೆ ಕಾರ್ಡಿನ ಮೂಲೆಗೆ ಹೇಗೂ ಅರಿಸಿನ ಕುಂಕುಮ ಹಚ್ಚುತ್ತಾರೆ. ಅವನು ನನ್ನನ್ನು ಎರಡು ಸಲ ಬೆಂಕಿಯ ಹತ್ತಿರ ಒಯ್ದ, ಎರಡು ಸಲವೂ ಹಿಂದಕ್ಕೆ ತಂದ. ಯಾಕೆ ತಂದನೋ ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತಿನಿಂದ ನಾನು ಹೆದರುವುದನ್ನು ಕಲಿತೆ.

ಒಂದು ವರ್ಷ ಮೊದಲು ಹುಬ್ಬಳ್ಳಿಯ ಯಾರೋ ಕಾಲೇಜಿನವರು ಮಂತ್ರದ ಕಾರ್ಡುಗಳ ಆಟವೊಂದನ್ನು ಆ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದರು. ಕತ್ತರಿಸುತ್ತ ಕತ್ತರಿಸುತ್ತ ಫಕೀರೇಶ ಅದರ ನಿಯಮದ ಹಾಳೆ ಓದಿದ್ದ. ಈಗ ಅದನ್ನು ನೆನಪು ಮಾಡಿಕೊಂಡು, ಅರ್ಧ ತನ್ನದೇ ಸೇರಿಸಿ, ನೂರಾ ಇಪ್ಪತ್ತು ಕಾರ್ಡಿನ ಮೇಲೆ ಕೈಯಿಂದಲೇ ಬರೆದ. ಅರ್ಧದಷ್ಟು ಬಂಟರು, ಅರ್ಧದಷ್ಟು ಮಂತ್ರಗಳು. ಬಂಟರು ಚಾಪೆಯ ಮೇಲೆ ನಿಂತು ಕೋಟೆ ಕಾಯುತ್ತಾರೆ. ಯಾರ ಕೋಟೆಯ ಮುಂದೆ ಬಂಟರೇ ಉಳಿಯುವುದಿಲ್ಲವೋ ಅವರು ಸೋತರು. ನಾನು ಮಂತ್ರವಾದೆ. ನನ್ನ ಮೇಲೆ ‘ಎತ್ತಂಗಡಿ’ ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ, ‘ಎದುರಿನ ಒಬ್ಬ ಬಂಟನನ್ನು ಗುರಿ ಮಾಡು. ಅವನು ಕಣದಿಂದ ಹೋಗುತ್ತಾನೆ’ ಎಂದು ಬರೆದ.

ನೋಟುಬುಕ್ಕಿನ ಹಾಳೆಯಲ್ಲಿ ನಿಯಮ ಬರೆಯುವಾಗ ಅವನ ಪೆನ್ನು ಅಲ್ಲಲ್ಲಿ ನಿಂತದ್ದು ನನಗೆ ಗೊತ್ತು. ನಾನು ಆ ಹಾಳೆಯ ಕೆಳಗೇ ಇದ್ದೆ. ಮಂತ್ರ ಹಾಕುವವರು ಅದರ ಹೆಸರು ಕೂಗಿ ಗುರಿಯ ಮೇಲೆ ತೋರುಬೆರಳು ಇಡಬೇಕು ಎಂದು ಬರೆದ. ಮತ್ತೊಮ್ಮೆ ಓದಿ ‘ತೋರು’ ಎಂಬುದನ್ನು ಹೊಡೆದು ಹಾಕಿದ. ಒಮ್ಮೆ ಬೆರಳಿಟ್ಟರೆ ಗುರಿ ಬದಲಿಸುವಂತಿಲ್ಲ. ಬೆರಳಿಟ್ಟು “ಆಗ್ಲೇನು?” ಎಂದು ಕೇಳಬೇಕು. ಎದುರಿನವರು “ಆಗ್ಲಿ” ಎನ್ನುವ ತನಕ ಏನೂ ಆಗುವುದಿಲ್ಲ. ಈ ಸಾಲಿನ ಕೆಳಗೆ ಅವನು ಎರಡು ಗೆರೆ ಎಳೆದ. ಅವರು “ತಡಿ” ಎಂದರೆ, ತಮ್ಮ ಕೈಯಲ್ಲಿರುವ ದಿಢೀರ್ ಮಂತ್ರವೊಂದನ್ನು ಮೇಲೆ ಹಾಕಬಹುದು. ಆಗ ಕೊನೆಗೆ ಬಿದ್ದದ್ದು ಮೊದಲು ಆಗುತ್ತದೆ, ಮೊದಲು ಬಿದ್ದದ್ದು ಕೊನೆಗೆ. ಕೊನೆಗೂ ತನ್ನ ಸರದಿ ಬಂದಾಗ ಗುರಿ ಅಲ್ಲಿಲ್ಲದಿದ್ದರೆ ಆ ಮಂತ್ರ ಹುಸಿ.

ನಾನು ನಿಧಾನದ ಜಾತಿ. ನನ್ನನ್ನು ಹಾಕುವವರು ತಮ್ಮ ಸರದಿಯಲ್ಲಿ ಮಾತ್ರ ಹಾಕಬಹುದು, ಅದೂ ಎಲ್ಲರ ಕಣ್ಣೆದುರಿಗೆ. ನನ್ನ ಹೆಸರು ಕೇಳಿದರೆ ಬಂಟರು ನಡುಗುತ್ತಾರೆ. ನಾನು ನಡುಗುವುದು ಹೆಸರು ಕೂಗಿದ ಮೇಲೆ. ಮುಖ ಮೇಲಾಗಿ ಬಿದ್ದಿದ್ದೇನೆ, ಬೆರಳು ಗುರಿಯ ಮೇಲಿದೆ, ಏನೂ ಆಗಿಲ್ಲ, ಏನು ಬೇಕಾದರೂ ಆಗಬಹುದು. ನನ್ನ ಇಡೀ ಬಾಳು ಆ ಸಂದಿಯಲ್ಲಿದೆ.

ಕಾರ್ಡು ತೆಗೆದುಕೊಂಡು ಫಕೀರೇಶ ಬೆಟಗೇರಿಯ ಮೈಲಾರಿಯ ಮನೆಗೆ ಹೋದ. ಒಂದೇ ಖೋಲಿಯ ಮನೆ. ಮೈಲಾರಿ, ಅವನ ತಂಗಿ ಮಾಳವ್ವ, ಇಬ್ಬರೇ. ಮೈಲಾರಿಯ ಬಲಗೈ ಇನ್ನೂ ಬಟ್ಟೆಯಲ್ಲಿ ಸುತ್ತಿತ್ತು. ಎಡಗೈಯಲ್ಲಿ ಕಾರ್ಡು ಹಿಡಿದು ಅದರಿಂದಲೇ ಎತ್ತಿ ಹಾಕುವುದು ಆಗದ ಮಾತು. ಮಾಳವ್ವ ಅಕ್ಕಿ ಡಬ್ಬಿಯ ಮುಚ್ಚಳ ತಂದು ಅದರ ಅಂಚಿಗೆ ಕಾರ್ಡುಗಳನ್ನು ಆನಿಸಿ ಕೊಟ್ಟಳು.

ಫಕೀರೇಶ ನಿಯಮಗಳನ್ನು ಓದಿ ಹೇಳಿದ. ಮೈಲಾರಿ ಎಲ್ಲ ಕೇಳಿ, “ಹಾಕಿದ ಮ್ಯಾಲೆ ಹಾಕಿದ್ನಪ. ಆಗ್ಲೇನು ಅಂತ ಅವನ್ನ ಯಾಕ ಕೇಳ್ಬೇಕು?” ಎಂದ.

“ಕೇಳ್ಬೇಕಣ್ಣ. ಕೈ ತಕ್ಕೊಳ್ಳಾಕ ಯಾಳೆ ಕೊಡ್ಬೇಕಲ್ಲ.”

“ಏನ್ ತಕ್ಕೊಳ್ಳಾಕ?”

“ಅಲ್ಲ… ಬಂಟನ್ನ. ಬಂಟನ್ನ ಉಳಿಸ್ಕೊಳ್ಳಾಕ.”

ಮೈಲಾರಿ ಅವನ ಮುಖವನ್ನೇ ನೋಡಿದ. ನನ್ನನ್ನು ಹಿಡಿದಿದ್ದ ಫಕೀರೇಶನ ಹೆಬ್ಬೆರಳು ಬೆವರಿ ನನ್ನ ಅಕ್ಷರ ಕದಡುವಂತಾಯಿತು. ಆಮೇಲೆ ಮೈಲಾರಿ, “ಛಲೋ ಐತಿ. ಹಾಕು ನೋಡೂಣು,” ಎಂದ.

ಹೀಗೆ ಭಾನುವಾರಗಳು ಸುರುವಾದವು. ಅವರು ಊರ ಸುದ್ದಿ ಮಾತಾಡುತ್ತಿದ್ದರು, ಮಾಲೀಕರ ಪಿಟಿಪಿಟಿ ಮಾತನ್ನು ಅಣಕಿಸಿ ನಗುತ್ತಿದ್ದರು, ಆ ದಿನದ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಫಕೀರೇಶ “ಆಗ್ಲೇನು?” ಎಂದು ಕೇಳಿ ಕಾಯುತ್ತಿದ್ದ ರೀತಿಯೇ ಬೇರೆ. ಮೈಲಾರಿ ಚಹಾ ಕುಡಿದು, ಮೂಗು ಒರೆಸಿಕೊಂಡು, ನಿಧಾನಕ್ಕೆ “ಆಗ್ಲಿ” ಎನ್ನುವ ತನಕ ಅವನು ರೆಪ್ಪೆ ಸಹ ಅಲುಗಿಸುತ್ತಿರಲಿಲ್ಲ. “ಅಂದೇನಲ್ಲೋ ಮಾರಾಯಾ, ತಗಿ ನನ್ನ ಬಂಟನ್ನ,” ಎಂದು ಮೈಲಾರಿ ನಗುತ್ತಿದ್ದ. “ಇನ್ನೊಮ್ಮೆ ಅನ್ನಣ್ಣ,” ಎನ್ನುತ್ತಿದ್ದ ಫಕೀರೇಶ. ಸತ್ಯ ನನ್ನ ಮೂಲೆಯಲ್ಲೇ ಅಂಟಿತ್ತು. ಮೈಲಾರಿ ಅದನ್ನು ಪ್ರತಿ ಭಾನುವಾರ ನೋಡುತ್ತಿದ್ದ. ನನ್ನನ್ನು ಗುರುತಿಸಲು ಅವನಿಗೆ ಅದು ಅನುಕೂಲವಾಗಿತ್ತು, ಅಷ್ಟೇ: “ಓಹೋ, ಕುಂಕುಮದ ಕಾರ್ಡು ನಿನ್ನ ಕೈಯಾಗೈತಿ. ಹಂಗಿದ್ರ ನಾ ಹುಷಾರಿರಬೇಕು.”

ಮಾಳವ್ವನಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತು. ಹೊರಡುವ ದಿನ ಅಣ್ಣ ಅವಳಿಗೆ, “ಒಯ್ಯಿ, ಹೊಸಬರೊಳಗ ಹೊತ್ತು ಹೋಗ್ತೈತಿ,” ಎಂದು ನಮ್ಮನ್ನು ಅವಳ ಟ್ರಂಕಿನಲ್ಲಿಟ್ಟ. ನಾನು ಆ ಕತ್ತಲಲ್ಲಿ ಹಿಗ್ಗಿದೆ. ಬೆವರುವ ಆ ಹೆಬ್ಬೆರಳಿನಿಂದ ಪಾರಾದೆನೆಂದು ತಿಳಿದೆ.

ಹಾಸ್ಟೆಲ್ಲಿನಲ್ಲಿ ನಾವು ಕಂಡ ಮಾಳವ್ವ ಬೇರೆಯೇ. ಬೆಳಗಿನ ಡ್ಯೂಟಿ ಮುಗಿಸಿ, ಗಂಜಿ ಹಾಕಿದ ಬಿಳಿ ಬಟ್ಟೆಯನ್ನು ಕಳಚಿ ಕುರ್ಚಿಗೆ ಎಸೆದು, ಮಂಚದ ಮೇಲೆ ನಮ್ಮನ್ನು ಹರವುತ್ತಿದ್ದಳು. ಎದುರಿಗೆ ಜೊತೆಯವಳು ಜುಬೇದಾ. ಮೊದಲ ವಾರದಲ್ಲೇ ಮಾಳವ್ವ ಒಂದು ಹೊಸ ಪದ್ಧತಿ ತಂದಳು. ಆಗದೆ ಹೋದ ಮಂತ್ರವನ್ನು ಹಾಕಿದವರೇ ಹರಿಯಬೇಕು.

“ಯಾಕ?” ಎಂದಳು ಜುಬೇದಾ.

“ವಾರ್ಡಿನ್ಯಾಗ ತಪ್ಪು ಸೂಜಿ ಚುಚ್ಚಿದ್ರ ವಾಪಸ್ ತಕ್ಕೊಳ್ಳಾಕ ಬರ್ತೈತೇನು? ಸುಮ್ನ ಹಾಕಿ ನೋಡೂಣು ಅನ್ನೋ ಆಟ ನನಗ ಬ್ಯಾಡ.”

“ಊರಿಗೆ ಹೋದಾಗ ನಿಮ್ಮಣ್ಣಗ ಏನ್ ತೋರಸ್ತಿ, ಕಸಾನಾ?”

“ಉಳದದ್ದು ತೋರಸ್ತೀನಿ. ಎಲಿ ಹಾಕು ನೀ.”

ದಪ್ಪ ಕಾಗದ ಹರಿಯುವ ಸದ್ದು ತೆಳು ಕಾಗದದ ಹಾಗಲ್ಲ. ಮೊದಲು ಸ್ವಲ್ಪ ಬಾಗುತ್ತದೆ, ತಾಳುತ್ತದೆ, ಆಮೇಲೆ ಒಮ್ಮೆಲೇ ಸೋಲುತ್ತದೆ. ಮೊದಲ ತಿಂಗಳಲ್ಲಿ ಹದಿನೇಳು ಸಲ ಆ ಸದ್ದು ಕೇಳಿದೆ. ನನ್ನದೇ ಹಾಳೆಯಿಂದ ತುಂಡಾದವರು, ನನ್ನ ಪಕ್ಕಕ್ಕೇ ಅಂಟಿಕೊಂಡಿದ್ದವರು, ಎರಡು ಚೂರಾಗಿ ಮಂಚದ ಕೆಳಗಿನ ಬುಟ್ಟಿಗೆ ಬಿದ್ದರು. ಪ್ರತಿ ಸಲ ಕಟ್ಟಿನಿಂದ ಎಳೆದಾಗಲೂ ನಾನು ಬರಬಾರದೆಂದು ಬೇಡಿಕೊಂಡೆ. ಕೈಗೆ ಬಂದ ಮೇಲೆ, ಹಾಕಬಾರದೆಂದು ಬೇಡಿಕೊಂಡೆ.

ಒಂದು ಮಧ್ಯಾಹ್ನ ಹಾಕಿದಳು. “ಎತ್ತಂಗಡಿ,” ಎಂದು ಕೂಗಿ ಜುಬೇದಾಳ ಕೊನೆಯ ಬಂಟನ ಮೇಲೆ ಬೆರಳಿಟ್ಟಳು. “ಆಗ್ಲೇನು?”

ಜುಬೇದಾ ಕಡಲೆ ಅಗಿಯುತ್ತಿದ್ದಳು. ನನ್ನ ಮೂಲೆಯ ಗುರುತಿನಿಂದ ನಾನು ಬರುವುದು ಅವಳಿಗೆ ಮೊದಲೇ ತಿಳಿದಿತ್ತು. “ತಡಿ,” ಎಂದು ನನ್ನ ಮೇಲೆ ‘ಮರೆ’ ಹಾಕಿ, ಬೆರಳನ್ನು ತನ್ನ ಬಂಟನ ಮೇಲೆ ಇಟ್ಟಳು. ಮರೆ ಎಂದರೆ ಆ ಬಂಟ ಆ ಸರದಿ ಮುಗಿಯುವ ತನಕ ಯಾರ ಗುರಿಗೂ ಸಿಗುವುದಿಲ್ಲ. ಅದು ನನ್ನ ಮೇಲೆ ಬಿದ್ದಿದೆ, ಹಾಗಾಗಿ ನನಗಿಂತ ಮೊದಲು ಆಗುತ್ತದೆ. ಅದು ಆದ ಮೇಲೆ ನಾನು ಕಣ್ಣು ತೆರೆದು ನೋಡಿದರೆ ಗುರಿಯೇ ಇರುವುದಿಲ್ಲ. ಮುಂದೆ ಮಾಳವ್ವನ ಎರಡು ಹೆಬ್ಬೆರಳು, ಸ್ವಲ್ಪ ಬಾಗುವುದು, ತಾಳುವುದು.

“ಆಗ್ಲೇನು?” ಎಂದು ಕೇಳಿದಳು ಜುಬೇದಾ. ಈಗ ಕೇಳುವ ಸರದಿ ಅವಳದು.

ಮಾಳವ್ವ ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ಒಂದೊಂದೇ ಸರಿಸಿ ನೋಡಿದಳು. ನನ್ನ ಎದೆಯ ಮೇಲೆ ಮರೆ ಮಲಗಿತ್ತು. ನಮ್ಮಿಬ್ಬರಲ್ಲಿ ಒಬ್ಬರು ಸಾಯುತ್ತೇವೆಂದು ಇಬ್ಬರಿಗೂ ಗೊತ್ತಿತ್ತು.

“ತಡಿ,” ಎಂದಳು ಮಾಳವ್ವ. ಎಲ್ಲಕ್ಕಿಂತ ಮೇಲೆ ‘ತಡೆಯಾಜ್ಞೆ’ ಬಿತ್ತು. ಅದು ಬಂಟರನ್ನಲ್ಲ, ಮಂತ್ರವನ್ನೇ ಗುರಿ ಮಾಡುವ ಮಂತ್ರ. ಅವಳ ಬೆರಳು ಮರೆಯ ಮೇಲೆ ಕೂತಿತು.

“ಥೂ ನಿನ್ನ. ಆಗ್ಲಿ,” ಎಂದಳು ಜುಬೇದಾ.

ಮೇಲಿನಿಂದ ಕೆಳಕ್ಕೆ ಒಂದೊಂದೇ ಆದವು. ತಡೆಯಾಜ್ಞೆ ಆಯಿತು. ಮರೆ ಹುಸಿ ಹೋಯಿತು. ನನ್ನ ಗುರಿ ಅಲ್ಲೇ ನಿಂತಿತ್ತು, ನಾನು ಆದೆ. ಜುಬೇದಾ ಮರೆಯನ್ನು ಹರಿದಳು. ಆ ಸದ್ದು ಕೇಳಿ ನನಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾನು ಇಂದಿಗೂ ಹೆದರುತ್ತೇನೆ.

ಮಾಳವ್ವ ನನ್ನನ್ನು ಎತ್ತಿಕೊಂಡಳು. ಗೆದ್ದ ಕಾರ್ಡನ್ನು ಮುದ್ದಿಸುವ ಹಾಗೆ ಹಿಡಿದವಳು, ಕಿಟಕಿಯ ಬೆಳಕಿಗೆ ಒಡ್ಡಿದಳು. ಉಗುರಿನಿಂದ ನನ್ನ ಮೂಲೆ ಕೆರೆದಳು. ಬಾಯಿಗೆ ಬಂದ ನಗು ಅಲ್ಲೇ ನಿಂತಿತು. ಆ ಹೊತ್ತಿಗೆ ಅವಳು ಆರು ತಿಂಗಳು ಡ್ರೆಸ್ಸಿಂಗ್ ವಾರ್ಡಿನಲ್ಲಿ ಹಳೆಯ ಪಟ್ಟಿಗಳನ್ನು ಬಿಚ್ಚಿದ್ದಳು.

“ಜುಬೇದಾ, ಇದು ಕುಂಕುಮ ಅಲ್ಲ.”

“ಮತ್ತೇನು?”

“ದಿನಾ ನೋಡ್ತೀವಲ್ಲ, ಅದ.”

ಅವಳು ನನ್ನನ್ನು ತನ್ನ ಪುಸ್ತಕದೊಳಗಿಟ್ಟು ಮುಚ್ಚಿದಳು. ಅಣ್ಣನ ನೆತ್ತರು ತಾಗಿದ ಕಾಗದವನ್ನು ಫಕೀರೇಶ ಯಾಕೆ ಇಟ್ಟುಕೊಂಡ ಎಂಬುದು ಅವಳ ತಲೆಯಲ್ಲಿ ಕೂತಿತು. ಆಮೇಲೆ ಅವಳು ನನ್ನನ್ನು ಆಟಕ್ಕೆ ಹಾಕಲಿಲ್ಲ. ಉಳಿದವರು ಹರಿದು ಹೋಗುತ್ತಲೇ ಇದ್ದರು. ನಾನು ಮೂಳೆಗಳ ಚಿತ್ರವಿದ್ದ ಎರಡು ಪುಟಗಳ ನಡುವೆ ತಿಂಗಳುಗಟ್ಟಲೆ ಮಲಗಿದೆ. ಹರಿಯುವುದಕ್ಕಿಂತ ಇದು ಮೇಲು ಎಂದುಕೊಳ್ಳಬೇಕಿತ್ತು. ಆದರೆ ಅವಳು ಆಗಾಗ ಪುಸ್ತಕ ತೆರೆದು ನನ್ನನ್ನು ನೋಡುವ ನೋಟ ಹೊಡೆಯಲು ಕೈ ಎತ್ತಿದವರ ನೋಟದ ಹಾಗಿತ್ತು.

ರಜೆಗೆ ಊರಿಗೆ ಬಂದಾಗ ನೂರಾ ಇಪ್ಪತ್ತರಲ್ಲಿ ಎಪ್ಪತ್ತೆರಡು ಉಳಿದಿದ್ದವು. ನನ್ನ ನಾಲ್ಕು ಮೂಲೆಗಳೂ ಮೆತ್ತಗಾಗಿ ನಾರು ಬಿಟ್ಟಿದ್ದವು. ಕಾರ್ಡಿನ ಲೆಕ್ಕದಲ್ಲಿ ಅದು ಮುಪ್ಪು. ಮುಪ್ಪಿನಲ್ಲಿ ಭಯ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಆದದ್ದು ಇಷ್ಟೇ: ಮೊದಲು ನನ್ನೊಬ್ಬನಿಗಾಗಿ ಹೆದರುತ್ತಿದ್ದೆ, ಈಗ ಆ ಖೋಲಿಯಲ್ಲಿ ಕೂತ ಮೂವರಿಗಾಗಿಯೂ ಹೆದರತೊಡಗಿದೆ.

ಮನೆಯಲ್ಲಿ ಒಂದು ಸುದ್ದಿ ಕಾದಿತ್ತು. ಬೆಟಗೇರಿಯಲ್ಲೇ ಹೊಸ ಪ್ರೆಸ್ಸೊಂದು ತೆರೆದಿತ್ತು, ಅವರಿಗೆ ಕಟಿಂಗ್ ಗೊತ್ತಿದ್ದವರು ಬೇಕಿತ್ತು. ಮೈಲಾರಿ ಹೋಗಿ ಮೂರು ಬೆರಳಿನಲ್ಲೇ ಒಂದು ಕಟ್ಟು ಹೊಂದಿಸಿ ತೋರಿಸಿ ಬಂದಿದ್ದ. ಅವರಿಗೆ ಕೆಲಸ ಹಿಡಿಸಿತ್ತು. ಆದರೆ ಓಣಿಯ ಮಾತು ಅವರ ಕಿವಿಗೂ ಬಿದ್ದಿತ್ತು. ತಪ್ಪು ನಿಂದಲ್ಲ ಅಂತ ಹಳೇ ಪ್ರೆಸ್ಸಿನವರ ಕಡೆಯಿಂದ ಒಂದು ಮಾತು ಹೇಳಿಸು, ನಾಳೆಯೇ ಬಾ ಎಂದಿದ್ದರು. ಮೈಲಾರಿಗೆ ಆ ಮಾತು ಕೇಳುವ ಧೈರ್ಯವಿರಲಿಲ್ಲ. ತಪ್ಪು ತನ್ನದೇ ಎಂದು ಅವನೂ ನಂಬಿದ್ದ.

ಭಾನುವಾರ ಮಧ್ಯಾಹ್ನ ಫಕೀರೇಶ ಬಂದ. ಉಳಿದ ಕಾರ್ಡುಗಳ ಕಟ್ಟು ನೋಡಿ ಅವನ ಮುಖ ಸಣ್ಣದಾಯಿತು.

“ಇಷ್ಟ ಏನವ್ವ? ಉಳದವು?”

“ಹರದೀವಿ. ಆಗದ್ದನ್ನ ಇಟ್ಕೊಂಡು ಏನ್ ಮಾಡೂದು?” ಎಂದಳು ಮಾಳವ್ವ. ಆಮೇಲೆ ಪುಸ್ತಕ ತೆರೆದು ನನ್ನನ್ನು ತೆಗೆದು ಕಟ್ಟಿನ ಮೇಲಿಟ್ಟಳು. “ಫಕೀರಣ್ಣ, ಒಂದು ಕೇಳ್ತೀನಿ. ಅವತ್ತು ಅಣ್ಣ ಹೊರಗ ಅಂದಿದ್ದು ನೀ ಕಿವಿಯಾರೆ ಕೇಳೀಯೇನು?”

“ಮಾಳಿ,” ಎಂದ ಮೈಲಾರಿ.

“ನಾ ಆತನ್ನ ಕೇಳಾಕತ್ತೀನಿ, ನಿನ್ನಲ್ಲ.”

“ಕೇಳೀನವ್ವ,” ಎಂದ ಫಕೀರೇಶ. ಅವನು ನೋಡುತ್ತಿದ್ದದ್ದು ನನ್ನ ಮೂಲೆಯನ್ನು.

“ಆತು. ಹಂಗಿದ್ರ ಆಡ್ರಿ. ನನ್ನ ಪದ್ಧತೀಲೆ. ಆಗದ್ದನ್ನ ಹಾಕಿದಾಂವ ಹರೀಬೇಕು.”

ಆಡಿದರು. ಅಕ್ಕಿ ಡಬ್ಬಿಯ ಮುಚ್ಚಳ ಈಗ ಬೇಕಿರಲಿಲ್ಲ. ಮೈಲಾರಿ ಬಲಗೈಯ ಮೂರು ಬೆರಳಿನಲ್ಲಿ ಕಾರ್ಡು ಹಿಡಿಯುವುದನ್ನು ಕಲಿತಿದ್ದ. ನಾನು ಫಕೀರೇಶನ ಕೈಗೆ ಹೋದೆ. ಅದೇ ಬೆವರು. ಆಟ ಸಾಗಿ ಸಾಗಿ ಮೈಲಾರಿಯ ಮುಂದೆ ಒಬ್ಬನೇ ಬಂಟ ಉಳಿದ. ಫಕೀರೇಶನ ಕೈಯಲ್ಲಿ ನಾನೊಬ್ಬನೇ. ನನ್ನನ್ನು ಹಾಕುವುದೊಂದೇ ದಾರಿ. ಹಾಕಿ ಹುಸಿ ಹೋದರೆ ಅವನೇ ನನ್ನನ್ನು ಹರಿಯಬೇಕು. ಎರಡು ಸಲ ಬೆಂಕಿಯ ಹತ್ತಿರ ಒಯ್ದು ಹಿಂದಕ್ಕೆ ತಂದವನ ಕೈ ಅದು.

“ಎತ್ತಂಗಡಿ,” ಎಂದ. ನಾನು ಚಾಪೆಯ ಮೇಲೆ ಬಿದ್ದೆ. ಕೆಳಗಿನಿಂದ ನೋಡಿದರೆ ಆಡುವವರ ಕೈಯಲ್ಲಿರುವುದು ನಮಗೆ ಕಾಣುತ್ತದೆ. ಮೈಲಾರಿಯ ಮೂರು ಬೆರಳುಗಳ ನಡುವೆ ಒಂದೇ ಕಾರ್ಡು ಇತ್ತು. ಉಳಿದಿದ್ದ ಒಂದೇ ಒಂದು ಮರೆ.

ಮುಗಿಯಿತು ಎಂದುಕೊಂಡೆ.

ಫಕೀರೇಶ ಬಂಟನ ಮೇಲೆ ಬೆರಳಿಟ್ಟ. “ಆಗ್ಲೇನು?” ಎಂದ. ಆ ಉಸಿರು ಮುಗಿಯುವ ಮೊದಲೇ ಅವನ ಕೈ ಬಂಟನನ್ನು ಚಾಪೆಯಿಂದ ಎಳೆದುಕೊಂಡಿತ್ತು.

ಹೊರಗೆ ಯಾರದೋ ಮಗ್ಗದ ಸದ್ದು ಕೇಳುತ್ತಿತ್ತು.

“ಫಕೀರಣ್ಣ,” ಎಂದಳು ಮಾಳವ್ವ ಮೆಲ್ಲಗೆ. “ಅಣ್ಣ ಇನ್ನೂ ಆಗ್ಲಿ ಅಂದಿಲ್ಲ.”

“ಅಂದಾನ. ಅಂದಿಯಲ್ಲಣ್ಣ? ನನಗ ಕೇಳಿಸ್ತು.”

“ನಾ ಬಾಯಿ ತಗದಿಲ್ಲಲೋ,” ಎಂದ ಮೈಲಾರಿ.

“ನನಗ ಕೇಳಿ…” ಅಷ್ಟಕ್ಕೇ ಫಕೀರೇಶನ ಮಾತು ನಿಂತಿತು. ತಾನು ಆಡಿದ್ದು ತನ್ನ ಕಿವಿಗೇ ಬಿದ್ದ ಹಾಗಿತ್ತು. ಅವನು ಬಂಟನನ್ನು ತಂದು ಇದ್ದಲ್ಲೇ ಇಟ್ಟ. ಅದು ಓರೆಯಾಗಿ ಬಿತ್ತು. ಸರಿ ಮಾಡಲು ಹೋದ, ಹಾಗೇ ಬಿಟ್ಟ.

“ಅವತ್ತೂ ಅಂದಿರಲಿಲ್ಲಣ್ಣ.”

“ಏನು?”

“ನೀ ಹೊರಗ ಅಂದಿರಲಿಲ್ಲ. ಹೆಣ್ಣಿನ ಕಡೆಯವರು ಹೊರಗ ಒದರಾಕತ್ತಿದ್ರು. ನಾ ಕೈ ಅಂದೆ, ಎಳದೆ. ಎಲ್ಲಾ ಒಂದ ಸಲಕ್ಕ ಆತು. ಮಾಲೀಕರು ಕೇಳಿದಾಗ ಬಾಯಿಗೆ ಅದ ಬಂತು. ಆಮ್ಯಾಲೆ ಹಿಂದಕ್ಕ ತಕ್ಕೊಳ್ಳಾಕ ಆಗಲಿಲ್ಲ.”

ಮಾಳವ್ವ ಎದ್ದು ನಿಂತಳು. “ನೋಡಿದಿ? ನೋಡಿದಿ ಅಣ್ಣ? ಎರಡು ವರ್ಷ ನಮ್ಮನ್ಯಾಗ ಚಹಾ ಕುಡದು…”

“ನೀ ಕುಂದ್ರು,” ಎಂದ ಮೈಲಾರಿ. ಅವನ ದನಿ ಏರಲಿಲ್ಲ. ಅವನು ತನ್ನ ಬಲಗೈಯನ್ನು ಬೇರೆಯವರದೆಂಬಂತೆ ನೋಡುತ್ತಿದ್ದ. “ನಾ ಅಂದಿರಲಿಲ್ಲೇನು?”

“ಇಲ್ಲಣ್ಣ.”

“ಖರೇ?”

“ಖರೇ.”

“ಕನಸಿನ್ಯಾಗ ಸುದ್ದಾ ನಾ ಹೊರಗ ಅಂತಿದ್ದೆ. ದಿನಾ. ಕೈ ಒಳಗಿಟ್ಟು ಹೊರಗ ಅಂತಿದ್ದೆ. ಎಷ್ಟು ಬಾಯಿ ಮುಚ್ಕೊಂಡ್ರೂ ಅನ್ನೋದು ನಿಲ್ತಿರಲಿಲ್ಲ.”

ಫಕೀರೇಶ ಅಳುತ್ತಿದ್ದ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ನಾನು ಇನ್ನೂ ಚಾಪೆಯ ಮೇಲೆ ಮುಖ ಮೇಲಾಗಿ ಬಿದ್ದಿದ್ದೆ, ಹೆಸರು ಕೂಗಿ ಆಗಿತ್ತು, ಮಂತ್ರ ಆಗಿರಲಿಲ್ಲ. ಮೈಲಾರಿ ಮರೆಯನ್ನು ಒಮ್ಮೆ ನೋಡಿದ. ನನ್ನನ್ನು ನೋಡಿದ. ಆಮೇಲೆ ಮರೆಯನ್ನು ಬೋರಲಾಗಿ ತನ್ನ ತೊಡೆಯ ಪಕ್ಕಕ್ಕೆ ಇಟ್ಟ.

“ಕೇಳಿದಿಯಲ್ಲ, ಆಗ್ಲೇನು ಅಂತ,” ಎಂದ. “ಆಗ್ಲಿ.”

ತನ್ನ ಕೊನೆಯ ಬಂಟನನ್ನು ತಾನೇ ಎತ್ತಿ ಫಕೀರೇಶನ ಕಡೆ ಸರಿಸಿದ. ಆಟ ಮುಗಿಯಿತು. ನಾನು ಹರಿಯಲಿಲ್ಲ. ಉತ್ತರ ಸಿಕ್ಕರೆ ಭಯ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದ್ದೆ. ಉತ್ತರ ಸಿಕ್ಕಿತು. ಇಬ್ಬರ ನಡುವೆ ಬಿದ್ದಿದ್ದ ನನಗೆ ಅವರ ಮುಖಗಳು ಕಾಣುತ್ತಿದ್ದವು, ನನ್ನ ನಡುಕ ನಿಲ್ಲಲಿಲ್ಲ.

ಫಕೀರೇಶ ಆ ಒಂದು ಮಾತನ್ನು ಏನೆಂದು ತಿಳಿದನೋ. ಮೂಗು ಒರೆಸಿಕೊಂಡು ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ಬೆಳಕು ಬಂದಿತ್ತು.

“ನಾಳೆ ಮುಂಜಾನೆ ಮಾಲೀಕರ ಮುಂದ ನಿಂತು ಹೇಳ್ತೀನಣ್ಣ. ಬೆಟಗೇರಿಯವರಿಗೂ ನಾನ ಹೋಗಿ ಹೇಳ್ತೀನಿ, ಓಣಿ ತುಂಬ ಹೇಳ್ತೀನಿ. ಆದ್ರ ನೀ ಅಲ್ಲಿಗೆ ಹೋಗಬ್ಯಾಡ. ನಮ್ಮ ಮಷಿನ್ನಿಗೇ ಬಾ. ಹಿಡಿಕಿ ನೀ ಹಿಡಿ. ಕಾಗದ ಹೊಂದಸೂದು ನಾ ಮಾಡ್ತೀನಿ. ಬ್ಲೇಡಿನ ಕೆಳಗ ನನ್ನ ಕೈ ಇರ್ಲಿ, ಹಿಡಿಕಿ ನಿನ್ನ ಕೈಯಾಗಿರ್ಲಿ. ನೀ ಕೈ ಅನ್ನು, ನಾ ಹೊರಗ ಅಂತೀನಿ. ಅಂದ ಮ್ಯಾಲೆ ಎಳಿ. ಅನ್ನೋಕಿಂತ ಮೊದ್ಲ ಎಳದ್ರೂ ನಾ ಏನೂ ಅನ್ನೂದಿಲ್ಲ.”

ಮೈಲಾರಿ ಚಾಪೆಯಿಂದ ಎದ್ದ. ಬಾಗಿಲ ತನಕ ಹೋಗಿ ಫಕೀರೇಶನ ಚಪ್ಪಲಿಗಳನ್ನು ಕಾಲಿನಿಂದ ಜೋಡಿಸಿ, ಬೀದಿಯ ಕಡೆ ಮುಖ ಮಾಡಿ ಇಟ್ಟ.

“ಹೇಳೂದು ಹೇಳು,” ಎಂದ. “ಹಿಡಿಕಿ ಒಲ್ಲೆ.”